ಗುರುತು ನೋಡ್ರಿ, ಬಿಲ್ಲು ಕೇಳ್ರಿ
(ರಜತ ಮಹೋತ್ಸವ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ತಯಾರಿಸುವುದು ತಮಗೆಲ್ಲ ಗೊತ್ತಿದ್ದ ಮಾತು. ನೂಲು, ನೇಯ್ಗೆ, ಬಣ್ಣ, ಅಳತೆ ಎಲ್ಲ ಪರೀಕ್ಷೆಯಾದ ಮೇಲೇ ಆ ಧ್ವಜಕ್ಕೆ ಐ.ಎಸ್.ಐ. ಗುರುತು. ದೇಶದ ಮಾನಕಗಳ ಪಟ್ಟಿಯಲ್ಲಿ ನಂಬರ್ 1 ಧ್ವಜದ್ದೇ. ಬಟ್ಟೆಗೇ ಇಷ್ಟು ತಪಾಸಣೆ ಇದ್ದರೆ ಕರೆಂಟು ಹರಿಯುವ ವಾಯರಿಗೆ ಎಷ್ಟಿರಬೇಕು, ನೀವೇ ಹೇಳ್ರಿ.

ನಮಗೆ ಇದು ತಡವಾಗಿ ತಿಳಿಯಿತು. 2022ರ ಮಳೆಗಾಲದಾಗ ನಮ್ಮ ಸದಸ್ಯರೊಬ್ಬರ ಎತ್ತು ಪಂಪಸೆಟ್ಟಿನ ವಾಯರ್ ತುಳಿದು ನಿಂತಲ್ಲೇ ಸತ್ತಿತು. ಎರಿ ಹೊಲ, ಹಸಿ ನೆಲ. ವಾಯರಿನ ಮ್ಯಾಲಿನ ಪ್ಲಾಸ್ಟಿಕ್ ಒಂದೇ ವರ್ಷಕ್ಕೆ ಬಿರಿದಿತ್ತು. ಆ ವಾಯರ್ ಮಾರಿದವರು ಯಾರು? ನಾವೇ, ನಮ್ಮ ಸಂಘದ ಮಳಿಗೆಯವರೇ! ಸೋವಿ ಸಿಕ್ಕಿತೆಂದು ಬಿಲ್ಲಿಲ್ಲದೆ ತಂದಿದ್ದೆವು. ಐ.ಎಸ್.ಐ. ಅಂತ ಅಕ್ಷರವೇನೋ ಇದ್ದವು, ನಂಬರ್ ಇರಲಿಲ್ಲ. ತಯಾರಿಸಿದವರ ಹೆಸರೂ ಇರಲಿಲ್ಲ. ಯಾರ ಮೇಲೆ ದೂರು ಕೊಡುವುದು? ಎತ್ತಿನ ಬೆಲೆಯನ್ನು ಸಂಘದಿಂದಲೇ ಕೊಟ್ಟೆವು. ಅದರ ಜೋಡಿ ಎತ್ತು ನಾಕು ದಿನ ಮೇವು ಮುಟ್ಟಲಿಲ್ಲ ಅಂತ ಅವರ ಮನೆಯಾಕೆ ಹೇಳಿದಾಗ ನಾವ್ಯಾರೂ ತಲಿ ಎತ್ತಲಿಲ್ಲ.

ಆಮೇಲೆ ಕಾಯಿದೆ ತೆರೆಸಿ ಓದಿಸಿದೆವು. ಸರಕಾರ ಗುರುತು ಕಡ್ಡಾಯ ಮಾಡಿದ ಸಾಮಾನನ್ನು ಗುರುತಿಲ್ಲದೆ ತಯಾರಿಸುವಂತಿಲ್ಲ, ಪರದೇಶದಿಂದ ತರಿಸುವಂತಿಲ್ಲ, ಮಾರುವಂತಿಲ್ಲ, ಮಾರಲಿಕ್ಕೆಂದು ಇಡುವಂತೆಯೂ ಇಲ್ಲ ಎನ್ನುತ್ತದೆ 2016ರ ಮಾನಕ ಬ್ಯೂರೋ ಕಾಯಿದೆ. ಪರದೇಶದ ಕಾರಖಾನೆಯವರೂ ಲೈಸೆನ್ಸ್ ಪಡೆದು, ಜವಾಬು ಕೊಡಲು ಇಲ್ಲೊಬ್ಬ ಪ್ರತಿನಿಧಿಯನ್ನು ನೇಮಿಸಬೇಕು. 2019ರ ಗ್ರಾಹಕ ಕಾಯಿದೆ ಪ್ರಕಾರ, ದೋಷದ ಸಾಮಾನಿನಿಂದ ಹಾನಿಯಾದರೆ ತಯಾರಕನೇ ಹೊಣೆ. ತಯಾರಕ ಯಾರೆಂದು ಗೊತ್ತಿಲ್ಲದಿದ್ದರೆ ಮಾರಿದವನು! ಅಂದರೆ ನಾವು ಎತ್ತಿನ ಬೆಲೆ ಕೊಟ್ಟದ್ದು ಧರ್ಮಕ್ಕಲ್ಲ, ಅದು ನಮ್ಮ ಹೊಣೆಯೇ ಇತ್ತು.

ಗುರುತಿನ ಮೇಲೆ ಐ.ಎಸ್. ನಂಬರ್ ಇರಬೇಕು, ವಾಯರಿಗಾದರೆ 694. ಕೆಳಗೆ ಸಿ.ಎಂ./ಎಲ್. ಎಂದು ಲೈಸೆನ್ಸ್ ನಂಬರ್. ಅದನ್ನು 'ಬಿ.ಐ.ಎಸ್. ಕೇರ್' ಆ್ಯಪಿನಾಗ ಹಾಕಿದರೆ ತಯಾರಕನ ಹೆಸರು, ಊರು ಬರುತ್ತವೆ. ಲೈಸೆನ್ಸ್ ಮುಗಿದಿದ್ದರೆ ಅದೂ ತಿಳಿಯುತ್ತದೆ. ನಮ್ಮ ಹುಡುಗರು ದಿನವಿಡೀ ಮೊಬೈಲ್ ತಿಕ್ಕತಾರಲ್ಲ, ಇಷ್ಟು ಮಾಡಿಕೊಡಲಿ.

ಈಗ ಮಳಿಗೆಗೆ ಬಿಲ್ಲಿಲ್ಲದೆ ವಾಯರ್, ಸ್ವಿಚ್, ಗ್ಯಾಸಿನ ಪೈಪು ಬರುವುದಿಲ್ಲ. ನೀವು ಒಯ್ಯುವಾಗಲೂ ಬಿಲ್ಲು ಕೇಳ್ರಿ. ಕೊಡದಿದ್ದರೆ ಕಾರ್ಯದರ್ಶಿಗಳ ಕೂಡ ಜಗಳಾ ತಗೀರಿ, ನಾವು ನಿಮ್ಮ ಕಡೆ.