ಧಾರವಾಡಕ್ಕೆ ಬರುವ ಪರಸ್ಥಳದವರು



ಪರಸ್ಥಳದಿಂದ ಬಂದವನನ್ನು ಆದರಿಸುವುದು ಮಠಗಳಿಗೆ ಹೊಸತಾದ ಧರ್ಮವಲ್ಲ. ಬಂದವನ ಊರು ಯಾವುದು, ಅವನ ಕೈಯಲ್ಲಿರುವ ಹಣವೆಷ್ಟು ಎಂದು ವಿಚಾರಿಸದೆ ಪಂಕ್ತಿಯಲ್ಲಿ ಕುಳ್ಳಿರಿಸಿ ಪ್ರಸಾದವನ್ನು ಬಡಿಸುವುದು ದಾಸೋಹದ ಕ್ರಮವಾಗಿದೆ. ಪ್ರವಾಸೋದ್ಯಮವೆಂದು ಕರೆಯಲ್ಪಡುವ ಕಸುಬಿನಲ್ಲಾದರೋ ಆ ಎರಡು ಪ್ರಶ್ನೆಗಳೇ ಮೊಟ್ಟಮೊದಲು ಬರುತ್ತವೆ. ಇಷ್ಟರಿಂದ ಆ ಕಸುಬನ್ನು ಹೀನವೆಂದು ತಿಳಿಯತಕ್ಕದ್ದಲ್ಲ. ಆಟೋ ನಡೆಸುವವನೂ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ತಾಯಿಯೂ ಅದರಿಂದ ಅನ್ನವನ್ನು ಕಾಣುವರು. ಆದರೆ ಒಂದು ಊರನ್ನು ಕುರಿತು ಹೊರಗಿನವರಿಗೆ ತಿಳಿಸುವ ಕಾರ್ಯವನ್ನು ಕೈಕೊಂಡವನು ಏನನ್ನು ಹೇಳಬೇಕು, ಹೇಗೆ ಹೇಳಬೇಕೆಂಬುದು ಕಠಿಣವಾದ ಪ್ರಶ್ನೆ. ಧಾರವಾಡದಂತಹ ವಿದ್ಯಾನಗರದ ವಿಷಯದಲ್ಲಿ ಅದು ಮತ್ತಷ್ಟು ಕಠಿಣವಾಗುತ್ತದೆ.

ಹಂಪೆ, ಬಾದಾಮಿ, ವಿಜಯಪುರಗಳಲ್ಲಿ ಕಲ್ಲೇ ಮಾತನಾಡುತ್ತದೆ. ಮಾರ್ಗದರ್ಶಕನು ಸುಮ್ಮನಿದ್ದರೂ ನಡೆಯುತ್ತದೆ. ಧಾರವಾಡದಲ್ಲಿ ಹಾಗಿಲ್ಲ. ಇಲ್ಲಿಯ ಕೋಟೆಯಲ್ಲಿ ಬಾಗಿಲು ಮೊದಲಾದ ಅಲ್ಪ ಭಾಗವು ಮಾತ್ರವೇ ಉಳಿದಿರುತ್ತದೆ. ಮಲೆನಾಡು ಬಯಲುಸೀಮೆಗಳು ಕೂಡುವ ಸ್ಥಳದಲ್ಲಿರುವ ಈ ಊರಿನ ಮಳೆಗಾಲವು ಹಿತಕರವಾದುದು ನಿಜ. ಆದರೆ ಮಳೆಯನ್ನು ನೋಡಲಿಕ್ಕೆಂದೇ ದೂರದಿಂದ ಬರುವವರು ಕೆಲವರು ಮಾತ್ರ. ಈ ಊರಿನ ಸಂಪತ್ತು ಬೇರೆ. ಇ. ಸ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ, 1950ರಲ್ಲಿ ಆಕಾಶವಾಣಿ ಕೇಂದ್ರ. ಮುಂಬಯಿಯಲ್ಲಿ ಜನ್ಮತಾಳಿದ ಕರ್ನಾಟಕ ವಿಶ್ವವಿದ್ಯಾಲಯವು ಇಲ್ಲಿಗೆ ಬಂದುದೂ ಅದೇ 1950ರಲ್ಲಿ. ಕೃಷಿ ವಿಶ್ವವಿದ್ಯಾಲಯವು 1986ರಲ್ಲಿಯೂ, ಐ.ಐ.ಟಿ.ಯು 2016ರಲ್ಲಿಯೂ ಬಂದವು. ಇವೆಲ್ಲವೂ ಕಲಿಯುವ ಸ್ಥಳಗಳು. ಇವುಗಳ ಮುಂದೆ ನಿಂತು ಛಾಯಾಚಿತ್ರವನ್ನು ತೆಗೆಸಿಕೊಂಡು ಹೋಗುವವನಿಗೆ ಗೋಡೆಯಲ್ಲದೆ ಬೇರೇನೂ ದೊರೆಯಲಾರದು.

ವಿದ್ಯಾನಗರಕ್ಕೆ ಬರುವ ಮೊದಲನೆಯ ಪ್ರವಾಸಿಗರು ಯಾರು? ಪ್ರಚಾರದ ಕೆಲಸ ಮಾಡುವವರಲ್ಲಿ ಅನೇಕರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ಅವರ ದೃಷ್ಟಿಯು ಗೋವೆಗೂ ಹಂಪೆಗೂ ಹೋಗುವ ವಿದೇಶೀಯರ ಮೇಲೆ. ಇತ್ತ, ಪ್ರವೇಶದ ದಿನಗಳಲ್ಲಿ ಕೊಪ್ಪಳ ರಾಯಚೂರುಗಳ ಕಡೆಯ ರೈತನೊಬ್ಬನು ಮಗಳನ್ನೂ ಅವಳ ಟ್ರಂಕನ್ನೂ ಕರೆತಂದು, ವಸತಿಗೃಹದಲ್ಲಿ ಬಿಟ್ಟು, ಸಂಜೆಯ ಬಸ್ಸಿನವರೆಗೆ ಅರ್ಧ ದಿನವನ್ನು ಕಳೆಯಬೇಕಾಗಿರುತ್ತದೆ. ಅವನೇ ಈ ಊರಿನ ಮುಖ್ಯ ಪ್ರವಾಸಿಗನು. ಒಂದು ಸಲವಲ್ಲ, ಮಗಳ ಓದು ಮುಗಿಯುವವರೆಗೆ ವರ್ಷಕ್ಕೆ ಎರಡು ಮೂರು ಸಲ ಅವನು ಬರುವನು. ಅವನು ಮಾಡುವುದೇನೆಂದರೆ, ಲೈನ್ ಬಜಾರಕ್ಕೆ ಹೋಗಿ ಪೇಢೆಯನ್ನು ಕೊಂಡು ಬಸ್ಸನ್ನು ಹತ್ತುವುದು. (ಆ ಪೇಢೆಯಾದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಲೇಗಿನ ಕಾರಣ ಉತ್ತರದ ಉನ್ನಾವದಿಂದ ಬಂದು ನೆಲೆಸಿದ ಠಾಕೂರ ಮನೆತನದ ಕೊಡುಗೆ. ಊರಿನ ಹೆಸರನ್ನು ಹೊತ್ತ ಸಿಹಿಯನ್ನು ಪರಸ್ಥಳದವರೇ ತಂದುದು ಸ್ವಾರಸ್ಯವುಳ್ಳ ಸಂಗತಿಯಾಗಿದೆ.)

ಆ ಅರ್ಧ ದಿನದಲ್ಲಿ ಅವನು ಸಾಧನಕೇರಿಗೆ ಹೋಗಬಹುದಾಗಿತ್ತು. ಅಲ್ಲಿ ದ. ರಾ. ಬೇಂದ್ರೆಯವರ ಮನೆಯೂ ಭವನವೂ ಇವೆ. ಮಲ್ಲಿಕಾರ್ಜುನ ಮನಸೂರರು ಬಾಳಿದ ‘ಮೃತ್ಯುಂಜಯ’ ಎಂಬ ಮನೆಯು ಅವರ ಸ್ಮಾರಕವಾಗಿ ಉಳಿದಿರುತ್ತದೆ. ಸಂಶೋಧನ ಸಂಸ್ಥೆಯಲ್ಲಿ ಶಿಲ್ಪಗಳೂ ಹಸ್ತಪ್ರತಿಗಳೂ ಇವೆ. ಇವೆಲ್ಲಕ್ಕಿಂತ ವಿಚಿತ್ರವಾದುದು ಸುಭಾಸ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆಯ ಅಟ್ಟ. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಸಂಸ್ಥೆಯಿಂದಲೇ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರ ‘ಯಯಾತಿ’ಯು 1961ರಲ್ಲಿ ಹೊರಬಿದ್ದಿತು. ಹೊಸಬನೊಬ್ಬನನ್ನು ಆ ಮೆಟ್ಟಿಲುಗಳನ್ನು ಹತ್ತಿಸಿ ನಿಲ್ಲಿಸಿದರೆ, ‘ಇಷ್ಟೇಯೇನು?’ ಎಂದು ಅವನು ಕೇಳುವುದು ಸಹಜ. ಕಣ್ಣಿಗೆ ಕಾಣುವುದು ಇಷ್ಟೇ. ಉಳಿದುದನ್ನು ಮಾರ್ಗದರ್ಶಕನು ಹೇಳಬೇಕು. ಹೇಳಬೇಕಾದರೆ ಅವನು ಆ ಪುಸ್ತಕಗಳನ್ನು ಓದಿರಬೇಕು. ಹಾಗೆಯೇ ಮನಸೂರರ ಮನೆಯಲ್ಲಿ ಅವರ ಧ್ವನಿಯನ್ನು ಕೇಳಿಸದೆ ಭಾವಚಿತ್ರಗಳನ್ನು ಮಾತ್ರ ತೋರಿಸಿದರೆ, ಬಂದವನು ಒಬ್ಬ ಹಿರಿಯರ ಮುಖವನ್ನು ಕಂಡು ಹೋದಂತಾಗುವುದೇ ಹೊರತು ಸಂಗೀತವು ಅವನಿಗೆ ಮುಟ್ಟುವುದಿಲ್ಲ.

ಪ್ರಚಾರ ಪತ್ರಿಕೆಗಳಲ್ಲಿ ಶಾಂತಿಯ ಬೀಡು, ತಂಪಿನ ತವರು ಎಂಬ ಮಾತುಗಳು ಸುಲಭವಾಗಿ ಬಂದುಬಿಡುತ್ತವೆ. ಓದಿ ಬಂದವನು ಬಸ್ಸಿನಿಂದ ಇಳಿದೊಡನೆ ಧೂಳನ್ನೂ ವಾಹನಗಳ ನೂಕುನುಗ್ಗಲನ್ನೂ ಕಂಡರೆ ಮುಂದಿನ ಯಾವ ಮಾತನ್ನೂ ನಂಬನು. ಇದಕ್ಕಿಂತಲೂ ಗುರುತರವಾದ ವಿಷಯವೊಂದುಂಟು. ವಚನ ಸಾಹಿತ್ಯದ ಸಂಶೋಧನೆಗಾಗಿ ಬಾಳನ್ನು ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ನೆಯ ಆಗಸ್ಟ್ 30ರಂದು ಇದೇ ಊರಿನ ಕಲ್ಯಾಣನಗರದಲ್ಲಿ, ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ಹೊರಗಿನಿಂದ ಬರುವ ಓದುಗರು ಈ ಸಂಗತಿಯನ್ನು ವಿಚಾರಿಸದೆ ಇರಲಾರರು. ಇಂತಹದನ್ನು ಹೇಳಿದರೆ ಊರಿಗೆ ಕುಂದೆಂದು ಮರೆಮಾಡುವ ಮಾರ್ಗದರ್ಶಕನು ತನ್ನ ಕೆಲಸವನ್ನು ಅರಿತವನಲ್ಲ. ಪುಸ್ತಕಗಳ ಊರೆಂದು ಹೆಮ್ಮೆಯಿಂದ ತೋರಿಸುವವನು, ಪುಸ್ತಕ ಬರೆದವರೊಬ್ಬರಿಗೆ ಇಲ್ಲಿ ಏನಾಯಿತೆಂಬುದನ್ನೂ ತಿಳಿಸುವ ಹೊಣೆಯುಳ್ಳವನು. ಹಾಗೆಂದು ಆ ಮನೆಯ ಮುಂದೆ ಜನರನ್ನು ಸಾಲಾಗಿ ನಿಲ್ಲಿಸುವುದೂ ಸಲ್ಲದು. ಎರಡು ವಾಕ್ಯಗಳಲ್ಲಿ ನಡೆದುದನ್ನು ನಡೆದಂತೆ ಹೇಳಿ, ಅವರು ಸಂಪಾದಿಸಿದ ಗ್ರಂಥಗಳು ಇರುವಲ್ಲಿಗೆ ಕರೆದೊಯ್ಯುವುದು ಉಚಿತ.

ತೋರಿಸಬಾರದಾದರೂ ಹೇಳಲೇಬೇಕಾದ ಇನ್ನೊಂದು ವಿಷಯವು ಪ್ರಸಾದ ನಿಲಯಗಳದು. ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳ ಪರಂಪರೆಯನ್ನು ಬಿಟ್ಟರೆ, ಒಕ್ಕಲಿಗನ ಮಗನು ಕಾಲೇಜಿನ ಮೆಟ್ಟಿಲನ್ನು ಹತ್ತಿದ ಬಗೆಯು ಯಾರಿಗೂ ಅರ್ಥವಾಗದು. ಕಾಲೇಜಿನ ಕಟ್ಟಡಕ್ಕಿಂತ ಈ ಅಡಿಗೆಮನೆಯ ಚರಿತ್ರೆಯೇ ದೊಡ್ಡದೆಂದರೂ ತಪ್ಪಾಗಲಾರದು. ಆದರೆ ಉಣ್ಣುತ್ತಿರುವ ಮಕ್ಕಳನ್ನು ಪರಸ್ಥಳದವರು ನಿಂತು ನೋಡುವುದು ಯಾವ ಸಂಪ್ರದಾಯಕ್ಕೂ ಒಪ್ಪದು. ನೋಡಬೇಕೆನ್ನುವವನು ಪಂಕ್ತಿಯಲ್ಲಿ ಕುಳಿತು ತಾನೂ ಉಣ್ಣಲಿ.

ಸುತ್ತಲಿನ ಕೈಕಸುಬುಗಳ ಮಾತು ಸ್ವಲ್ಪದರಲ್ಲಿ ಮುಗಿಯುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲು, ಗರಗದ ಖಾದಿ, ನವಲಗುಂದದ ಹೆಂಗಸರು ನೇಯುವ ಜಮಖಾನೆ ಇವುಗಳ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ನೇಯುವವರ ಕೈಗೆ ಕಾಸು ಬಾರದು. ಯಾವ ಬಸ್ಸು, ಯಾವ ಓಣಿ, ಯಾವ ದಿನ ಕೆಲಸ ನಡೆಯುತ್ತದೆ ಎಂಬಿಷ್ಟನ್ನು ಅಚ್ಚು ಹಾಕಿಸಿದರೆ ಬರಬಹುದು.

ಉಳಿದಿರುವ ತೊಡಕು ರಜೆಯ ದಿನದ್ದು. ತಂದೆತಾಯಿಗಳಿಗೆ ಬಿಡುವು ಸಿಗುವುದು ಭಾನುವಾರ; ಕಚೇರಿಯ ವೇಳೆಗೆ ನಡೆಯುವ ಸಂಸ್ಥೆಗಳು ಮುಚ್ಚಿರುವುದೂ ಸಾಮಾನ್ಯವಾಗಿ ಅದೇ ದಿನ. ಕನ್ನಡವನ್ನೂ ಇತಿಹಾಸವನ್ನೂ ಅಭ್ಯಸಿಸುತ್ತಿರುವ ಬಡ ವಿದ್ಯಾರ್ಥಿಗಳಿಗೆ ಯೋಗ್ಯವಾದ ಸಂಬಳವನ್ನು ಕೊಟ್ಟು ಭಾನುವಾರಗಳಲ್ಲಿ ಈ ಬಾಗಿಲುಗಳನ್ನು ತೆರೆಯಿಸಿದರೆ, ವಿದ್ಯಾರ್ಥಿಗೆ ಪುಸ್ತಕದ ಖರ್ಚು ಹುಟ್ಟುವುದು. ಬಂದವನಿಗೆ ತನ್ನ ಮಗಳ ವಯಸ್ಸಿನವರ ಬಾಯಿಂದಲೇ ಊರಿನ ಕಥೆಯು ತಿಳಿಯುವುದು. ಅಂತಹ ವಿದ್ಯಾರ್ಥಿಗಳನ್ನು ಸಿದ್ಧಪಡಿಸುವವರು ಅವರ ಕೈಗೆ ಪ್ರಚಾರ ಪತ್ರಿಕೆಯನ್ನು ಕೊಡುವುದಕ್ಕೆ ಮುಂಚೆ, ಆ ಅಟ್ಟಕ್ಕೊಮ್ಮೆ ಕಳುಹಿಸಿ ಪುಸ್ತಕವೊಂದನ್ನು ತಂದು ಓದಿಸಬೇಕು.