ಪತ್ತೇದಾರಿ ಕಾರಿನ ಪೆಟ್ಟಿಗೆ ಬಿಚ್ಚೋಣ

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿ ಚಿಕ್ಕವರಿದ್ದ ಕಾಲದಲ್ಲಿ, 1964ರಿಂದ 1968ರವರೆಗೆ, ಅಮೆರಿಕದ ಟಿವಿಯಲ್ಲಿ ‘ದ ಮ್ಯಾನ್ ಫ್ರಮ್ ಅಂಕಲ್’ ಎಂಬ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಇಬ್ಬರು ಗೂಢಚಾರರು: ನೆಪೋಲಿಯನ್ ಸೋಲೋ ಮತ್ತು ಇಲ್ಯಾ ಕುರ್ಯಾಕಿನ್. ಅವರಿಗೆಂದೇ ಒಂದು ಕಾರು ಸಿದ್ಧವಾಯಿತು. ತೀರಾ ತಗ್ಗು, ಮೂತಿ ಚೂಪು. ಬಾಗಿಲುಗಳು ಪಕ್ಕಕ್ಕೆ ತೆರೆಯದೆ ಮೇಲಕ್ಕೆ ಏಳುತ್ತಿದ್ದವು. ಎಂಜಿನ್ ಇದ್ದದ್ದು ಹಿಂಬದಿಯಲ್ಲಿ!

ಈ ಕಾರನ್ನು ಕಟ್ಟಿದವರು ಜೀನ್ ವಿನ್‌ಫೀಲ್ಡ್ ಎಂಬ ಕುಶಲಕರ್ಮಿ, ಅರಿಝೋನಾದ ಫೀನಿಕ್ಸ್ ಊರಿನಲ್ಲಿ. ಕಟ್ಟಿಸಿದ್ದು ಎಎಂಟಿ ಎಂಬ ಕಂಪನಿ. ಆ ಕಂಪನಿಯ ಕಸುಬು ಏನು ಗೊತ್ತೇ? ಮಕ್ಕಳು ಮನೆಯಲ್ಲಿ ಕೂತು ಜೋಡಿಸುವ ಪ್ಲಾಸ್ಟಿಕ್ ಮಾದರಿ ಕಾರುಗಳನ್ನು ಮಾಡುವುದು. ಓಡುವ ಕಾರನ್ನೂ ಕಟ್ಟಿಸಿದರು, ಅದರ ಪುಟಾಣಿಯನ್ನೂ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಅಂಥ ಹಳೆಯ ಪೆಟ್ಟಿಗೆಯೊಂದು ಈಗ ನಮ್ಮ ಮುಂದಿದೆ ಎಂದುಕೊಳ್ಳಿ. ಬನ್ನಿ, ಬಿಚ್ಚೋಣ.

ಪೆಟ್ಟಿಗೆಯ ಮೇಲೆ 1/25 ಎಂದು ಬರೆದಿದೆ. ನಿಜವಾದ ಕಾರಿನ ಒಂದು ಮೀಟರ್ ಇಲ್ಲಿ 4 ಸೆಂಟಿಮೀಟರ್. ನಾಲ್ಕು ಮೀಟರ್ ಉದ್ದದ ಕಾರಾದರೆ 16 ಸೆಂಟಿಮೀಟರ್‌ಗೆ ಇಳಿಯುತ್ತದೆ, ನಿಮ್ಮ ಕಂಪಾಸ್ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಬಹುದು. ಆದರೆ ಉದ್ದದ ಜೊತೆಗೆ ಅಗಲ, ಎತ್ತರ ಕೂಡ 25 ಪಾಲು ಕುಗ್ಗಿವೆ, ಮರೆಯಬೇಡಿ. 25ನ್ನು 25ರಿಂದ, ಮತ್ತೆ 25ರಿಂದ ಗುಣಿಸಿ ನೋಡಿ: 15,625. ದೊಡ್ಡ ಕಾರು ಹಿಡಿಸುವ ಜಾಗದಲ್ಲಿ ಅಷ್ಟು ಪುಟ್ಟ ಕಾರುಗಳ ಪಾಲಿನ ಜಾಗವಿರುತ್ತದೆ!

ಒಳಗೆ ಬಿಡಿಭಾಗಗಳು ಒಂದೊಂದೇ ಬಿದ್ದಿಲ್ಲ. ಬಾಗಿಲು, ಸೀಟು, ಸ್ಟಿಯರಿಂಗ್ ಎಲ್ಲವೂ ಒಂದೇ ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡೇ ಇವೆ. ಕಾರ್ಖಾನೆಯಲ್ಲಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಕಾಯಿಸಿ ಕರಗಿಸಿ, ಉಕ್ಕಿನ ಅಚ್ಚಿನೊಳಕ್ಕೆ ಬಲವಾಗಿ ತುರುಕುತ್ತಾರೆ. ಅದು ಹರಿದುಹೋದ ಕಾಲುವೆಯೇ ಆರಿ ಈ ಕಡ್ಡಿಯಾಗಿದೆ. ಸೀಟನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಗುಂಡಗಿನ ಪುಟ್ಟ ಗುರುತು ಕಾಣುತ್ತಿದೆಯೇ? ಆರಿದ ಭಾಗವನ್ನು ಅಚ್ಚಿನಿಂದ ಹೊರಗೆ ನೂಕಿದ ಕಂಬಿಯ ತುದಿ ಅದು. ಅರ್ಧ ಶತಮಾನದ ಹಿಂದೆ ಒಂದು ಯಂತ್ರ ಒತ್ತಿದ ಗುರುತು ಇನ್ನೂ ಹಾಗೇ ಇದೆ.

ಈಗ ನನಗೆ ಬಲು ಇಷ್ಟವಾದ ಕೆಲಸ, ಅಂಟಿಸುವುದು. ಕಾಗದಕ್ಕೆ ಹಚ್ಚುವ ಗೋಂದು ಎರಡು ಹಾಳೆಗಳ ನಡುವೆ ಕೂತು ಎರಡನ್ನೂ ಹಿಡಿದುಕೊಳ್ಳುತ್ತದೆ. ಮಾದರಿ ಕಾರಿನ ಅಂಟು ಹಾಗಲ್ಲ. ಅದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ, ಆಮೇಲೆ ತಾನು ಗಾಳಿಗೆ ಹಾರಿಹೋಗುತ್ತದೆ.

ಇದನ್ನು ಕಣ್ಣಿಗೆ ತಂದುಕೊಳ್ಳುವುದು ಹೇಗೆ? ಪಾಲಿಸ್ಟೈರೀನ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ, ಆದರೆ ಬಹಳ ಉದ್ದದ ಸರಪಳಿಗಳ ಗೋಜಲು. ಅಮ್ಮ ಶಾವಿಗೆ ಒತ್ತಿ ಬೇಯಿಸಿದ್ದು ನೆನಪಿಸಿಕೊಳ್ಳಿ. ಒಣಗಿ ಗಟ್ಟಿಯಾದ ಎರಡು ಮುದ್ದೆಗಳನ್ನು ಒಂದಕ್ಕೊಂದು ತಾಗಿಸಿದರೆ ಸುಮ್ಮನೆ ಪಕ್ಕಪಕ್ಕ ಕೂರುತ್ತವೆ. ಅಂಚನ್ನು ನೀರಿನಲ್ಲಿ ನೆನೆಸಿ ಒತ್ತಿಟ್ಟರೆ ಈ ಮುದ್ದೆಯ ಎಳೆ ಆ ಮುದ್ದೆಯೊಳಗೆ ಸೇರಿ ಹೆಣೆದುಕೊಳ್ಳುತ್ತದೆ. ನೀರು ಆರಿದ ಮೇಲೆ ಯಾವ ಎಳೆ ಯಾವುದರದು ಎಂದು ಹೇಳಲಾಗದು. ಕಾರಿನ ಬಾಗಿಲಿನ ಚೌಕಟ್ಟಿನಲ್ಲೂ ಆಗುವುದು ಇದೇ. ಎರಡು ತುಂಡುಗಳು ನಿಜಕ್ಕೂ ಒಂದೇ ತುಂಡಾಗುತ್ತವೆ. ಈ ಅಂಟಿನ ಆವಿ ಉಸಿರಿಗೆ ಒಳ್ಳೆಯದಲ್ಲ, ಕಿಟಕಿ ತೆರೆದಿಟ್ಟು ದೊಡ್ಡವರ ಜೊತೆಯಲ್ಲೇ ಮಾಡಿ.

ಇನ್ನೊಂದು ಸೊಗಸು ಹೇಳಲೇ? ಟಿವಿಯಲ್ಲಿ ಓಡಿದ ಆ ದೊಡ್ಡ ಕಾರಿನ ಮೈಯೂ ಕಬ್ಬಿಣದ್ದಲ್ಲ, ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದು! ನೀವು ಜೋಡಿಸುವ ಲೆಗೊ ಇಟ್ಟಿಗೆಗಳೂ ಎಬಿಎಸ್‌ನವೇ. ಪಾಲಿಸ್ಟೈರೀನ್‌ನಲ್ಲಿರುವ ಸ್ಟೈರೀನ್ ಇದರಲ್ಲೂ ಇದೆ, ಜೊತೆಗೆ ರಬ್ಬರಿನ ಅಂಶ ಸೇರಿದೆ. ಅದಕ್ಕೇ ಪೆಟ್ಟು ಬಿದ್ದರೂ ಬೇಗ ಸೀಳುವುದಿಲ್ಲ. ದೊಡ್ಡದು ಪುಟ್ಟದು ಎರಡೂ ಒಂದೇ ಮನೆತನದವು ಎಂದಾಯಿತು.

ಹಳೆಯ ಪೆಟ್ಟಿಗೆಯಲ್ಲಿ ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳು ಹಳದಿಯಾಗಿರುತ್ತವೆ. ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಟ್ಟರೆ ಹಳದಿ ಬಹುಪಾಲು ಮಾಯ. ಆ ಬಣ್ಣದ ಕಣಗಳನ್ನು ಬೆಳಕೇ ಒಡೆದುಹಾಕುತ್ತದೆ.

ಕೊನೆಗೆ ಗಾಜಿನಂತೆ ಪಾರದರ್ಶಕವಾದ ಆ ಮುಂಗನ್ನಡಿಯ ತುಂಡನ್ನು ಬೆಳಕಿಗೆ ಹಿಡಿಯಿರಿ. ಮೂಲೆಯಲ್ಲಿ ಟಯರಿನ ಗೆರೆಗಳು ಕೊರೆದಂತೆ ಮೂಡಿರಬಹುದು. ಯಾರೂ ಕೊರೆದದ್ದಲ್ಲ. ಪೆಟ್ಟಿಗೆಯಲ್ಲಿ ಮೆದು ಟಯರು ಅದರ ಮೇಲೆ ವರ್ಷಗಟ್ಟಲೆ ಮಲಗಿತ್ತು. ಟಯರನ್ನು ಮೆದುವಾಗಿಡಲು ಅದರಲ್ಲಿ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಅದು ಮೆಲ್ಲಗೆ ಹೊರಗೆ ಜಿನುಗಿ ಪಾಲಿಸ್ಟೈರೀನನ್ನು ಮೆತ್ತಗಾಗಿಸುತ್ತದೆ. ಅಂಟು ನಿಮಿಷಗಳಲ್ಲಿ ಮಾಡಿದ್ದನ್ನು ಟಯರು ವರ್ಷಗಳಲ್ಲಿ ಮಾಡಿದೆ, ಅಷ್ಟೇ. ಹಾಗಾಗಿ ಹಳೆಯ ಪೆಟ್ಟಿಗೆ ಕೈಗೆ ಸಿಕ್ಕರೆ ಮೊದಲು ಟಯರುಗಳನ್ನು ಎತ್ತಿ ಬೇರೆ ಚೀಲಕ್ಕೆ ಹಾಕಿಡಿ. ಅಂಟು, ಬಣ್ಣ, ಎಲ್ಲ ಆಮೇಲೆ.