ಗೋಡೆಯ ಪಕ್ಕದ ಪಾರಿಜಾತ



ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮ ಹಿರಿಯರ ಹೆಂಚಿನ ಮನೆಯೊಂದಿದೆ. ಅದರ ಮೂಡಣ ಗೋಡೆಗೆ ಮೂರೇ ಅಡಿ ದೂರದಲ್ಲಿ ನಮ್ಮ ತಾಯಿಯವರು ನೆಟ್ಟ ಪಾರಿಜಾತದ ಗಿಡವಿದೆ. ನೆಟ್ಟಾಗ ಅದು ಗೇಣುದ್ದದ ಸಸಿ. ಮೂವತ್ತಡಿಯವರೆಗೂ ಬೆಳೆಯಬಲ್ಲ ಜಾತಿಯೆಂಬುದನ್ನು ಆಗ ಯಾರು ಎಣಿಸಿದ್ದರು? ಹತ್ತು ವರ್ಷ ತುಂಬುವಷ್ಟರಲ್ಲಿ ಕೊಂಬೆಗಳು ಹೆಂಚನ್ನು ಉಜ್ಜತೊಡಗಿದುವು. ಸೂರಿನ ದೋಣಿಯಲ್ಲಿ ಎಲೆ ಕೊಳೆತು ಮಳೆಯ ನೀರು ಗೋಡೆಗೆ ಇಳಿಯಿತು. ಇಲಿಗಳಿಗೆ ಅಟ್ಟಕ್ಕೆ ಹೋಗಲು ಸೇತುವೆಯೂ ಸಿದ್ಧವಾಯಿತು.

ತಾಯಿಯವರ ಸಂಕಟವೇ ಬೇರೆ. ಪಾರಿಜಾತವು ಸಂಜೆ ಅರಳಿ ಬೆಳಗಾಗುವುದರೊಳಗೆ ತಾನಾಗಿ ಉದುರುವ ಹೂವು. ನೆಲದಿಂದ ಆರಿಸಿದರೂ ಪೂಜೆಗೆ ಸಲ್ಲುವುದೆಂದು ನಮ್ಮವರ ನಂಬಿಕೆ. ಆ ಹೂವೆಲ್ಲ ಮಾಡಿನ ಮೇಲೆ ಬಿದ್ದು ಬಾಡಿಹೋಗುತ್ತಿದ್ದುವು. ಅವರ ಬುಟ್ಟಿ ಬರಿದಾಗಿಯೇ ಒಳಗೆ ಬರುತ್ತಿತ್ತು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕನ್ನಂಬಾಡಿಯ ಬೃಂದಾವನದಲ್ಲಿ ಕತ್ತರಿಯಿಂದ ಸಮಮಾಡಿದ ಪೊದೆಗಳನ್ನು ಕಂಡಿದ್ದ ನಾನು, ನಮ್ಮ ಗಿಡವನ್ನೂ ಆಳೆತ್ತರಕ್ಕೆ ಬೋಳಿಸುವಂತೆ ಕೂಲಿಯಾಳಿಗೆ ಹೇಳಿದೆನು. ಅವನು ಹೇಳಿದಷ್ಟನ್ನು ಮಾಡಿದನು. ಎಲೆಯೆಂಬುದು ಮರದ ಅಡಿಗೆಮನೆ. ಅದನ್ನೆಲ್ಲ ಒಮ್ಮೆಗೇ ಕಳೆದುಕೊಂಡ ಮರವು ಕೂಡಿಟ್ಟ ಆಹಾರವನ್ನು ವ್ಯಯಿಸಿ, ಕಡಿದ ತುದಿಯ ಕೆಳಗೆ ಮಲಗಿದ್ದ ಮೊಗ್ಗುಗಳನ್ನೆಲ್ಲ ಎಬ್ಬಿಸಿತು. ಪೊರಕೆಯಂತೆ ಇಪ್ಪತ್ತು ಚಿಗುರು ನೆಟ್ಟಗೆ ಎದ್ದುವು. ಇಂತಹ ಚಿಗುರು ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುವುದರಿಂದ ಬಲು ದುರ್ಬಲ. ಎರಡನೆಯ ವರ್ಷದ ಗಾಳಿಗೆ ಮೂರು ಮುರಿದು ಹೆಂಚಿನ ಮೇಲೆಯೇ ಬಿದ್ದುವು. ಬುಡಸಹಿತ ತೆಗೆಸಿಬಿಡೋಣವೆಂದೆನು. ತಾಯಿಯವರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಆಮೇಲೆ ಗ್ರಂಥಗಳನ್ನು ತೆರೆದೆನು, ಮೊದಲೇ ತೆರೆಯಬೇಕಾಗಿತ್ತು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೀಗೋ ಎಂಬವರು ಸಾವಿರಾರು ಮರಗಳನ್ನು ಉದ್ದುದ್ದಕ್ಕೆ ಸೀಳಿ ಪರೀಕ್ಷಿಸಿ, 1977ರಲ್ಲಿ ಒಂದು ತತ್ತ್ವವನ್ನು ಮಂಡಿಸಿದರು. ನಮ್ಮ ಚರ್ಮದಂತೆ ಮರದ ಗಾಯವು ಮಾಯುವುದಿಲ್ಲ. ಮರವು ಆ ಭಾಗಕ್ಕೆ ಒಳಗಿಂದೊಳಗೇ ಗೋಡೆ ಕಟ್ಟಿ ಕೊಳೆತವನ್ನು ತಡೆಯುವುದು. ಕೊಂಬೆಯು ಕಾಂಡಕ್ಕೆ ಸೇರುವೆಡೆಯಲ್ಲಿ ಉಬ್ಬಿದ ಉಂಗುರವೊಂದಿರುವುದಷ್ಟೆ, ಆ ರಕ್ಷಣೆಯ ಕೆಲಸ ಅಲ್ಲಿಯೇ ನಡೆಯತಕ್ಕದ್ದು. ಆದುದರಿಂದ ಉಂಗುರವನ್ನು ಕೊಯ್ಯದೆ, ಅದರ ಹೊರಗೆ ಮೋಟನ್ನೂ ಉಳಿಸದೆ ಕತ್ತರಿಸಬೇಕು. ಭಾರದ ಕೊಂಬೆಯಾದರೆ ಮೊದಲು ಅಡಿಯಷ್ಟು ಹೊರಗೆ ಕೆಳಗಿನಿಂದ ಗಾಯಮಾಡಿ, ಅದರಾಚೆ ಮೇಲಿನಿಂದ ಕುಯ್ದು ಭಾರವನ್ನು ಇಳಿಸಿಕೊಂಡರೆ ಸಿಪ್ಪೆ ಸುಲಿದುಬರುವುದಿಲ್ಲ. ಗಾಯಕ್ಕೆ ಟಾರು, ಸಗಣಿ ಬಳಿಯುವ ವಾಡಿಕೆಯುಂಟು. ಅದರಿಂದ ಕೊಳೆಯುವುದು ತಪ್ಪದು.

ಕಾಲವೂ ಮುಖ್ಯ. ಪಾರಿಜಾತವು ಹೊಸ ಚಿಗುರಿನಲ್ಲಿ ಹೂ ಬಿಡುವುದು. ಮಳೆಗಾಲದ ಕೊನೆಯಿಂದ ಡಿಸೆಂಬರಿನವರೆಗೆ ಹೂವು. ಅದು ಮುಗಿದು, ಹೊಸ ಚಿಗುರೊಡೆಯುವ ಮೊದಲು, ಜನವರಿ ಫೆಬ್ರವರಿಗಳಲ್ಲಿ ಕತ್ತರಿಸಬೇಕು. ಆಷಾಢದಲ್ಲಿ ಕತ್ತರಿ ಹಿಡಿದವನು ಆ ವರ್ಷದ ಹೂವನ್ನೇ ಕತ್ತರಿಸಿದಂತೆ.

ಒಂದು ಸಲಕ್ಕೆ ಹಸಿರಿನ ಕಾಲುಭಾಗವನ್ನು ಮೀರಕೂಡದು. ನಾಲೆಯ ನೀರುಂಡ ಪಾಂಡವಪುರದ ಹಿತ್ತಿಲಲ್ಲಿ ಮರ ಬೇಗ ಚೇತರಿಸಿಕೊಳ್ಳಬಹುದು. ಮಳೆಯನ್ನೇ ಹೆಚ್ಚಾಗಿ ನೆಚ್ಚಿದ ನಾಗಮಂಗಲದ ಕಡೆ ಅಷ್ಟೂ ಹೆಚ್ಚಾದೀತು. ಕೃಷ್ಣರಾಜಪೇಟೆಯ ನನ್ನ ಬಂಧುಗಳೊಬ್ಬರು ಗೋಡೆಯ ಕಡೆಯ ಬೇರನ್ನು ಕಡಿಯಲೆ ಎಂದು ಕೇಳಿದರು. ಬೇಡವೆಂದೆನು, ದಪ್ಪ ಬೇರು ಹೋದರೆ ಮರಕ್ಕೆ ಊರುಗೋಲು ತಪ್ಪಿದಂತಾಗುವುದು.

ನಮ್ಮಲ್ಲಿ ಕೆಲಸ ಮೂರು ವರ್ಷ ಹಿಡಿಯಿತು. ಮೊದಲ ವರ್ಷ ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಮಾತ್ರ ತೆಗೆದೆವು. ಪೊರಕೆ ಚಿಗುರುಗಳಲ್ಲಿ ಅಂಗಳದ ಕಡೆಗೆ ಬಾಗಿದ ನಾಲ್ಕನ್ನು ಉಳಿಸಿ, ಮಿಕ್ಕವನ್ನು ಎರಡು ವರ್ಷಗಳಲ್ಲಿ ಕಳೆದೆವು. ಮಾಡಿನ ಮೇಲೆ ಚಾಚಿದ್ದನ್ನು ಒಂದೊಂದಾಗಿ ಬುಡದಿಂದಲೇ ತೆಗೆದು, ಹೆಂಚಿಗೂ ಮರಕ್ಕೂ ಮೂರಡಿ ಬಯಲು ಬಿಡಿಸಿದೆವು.

ಕಳೆದ ನವರಾತ್ರಿಯಲ್ಲಿ ಹೂವು ಅಂಗಳಕ್ಕೇ ಬಿದ್ದುವು. ಬುಟ್ಟಿ ಸಾಲದೆ ತಾಯಿಯವರು ಮೊರವನ್ನು ತಂದರು. ಗೋಡೆಯ ಕಡೆ ಒಂದು ಕೊಂಬೆ ಇನ್ನೂ ಉಳಿದಿದೆ. ಅದನ್ನು ಈ ಮಾಘದಲ್ಲಿ ತೆಗೆಯಬೇಕೆಂಬುದು ನನ್ನ ಮತ. ಅದರ ಹೂವೇ ಎಲ್ಲಕ್ಕಿಂತ ದೊಡ್ಡದೆಂಬುದು ಅವರ ಮತ. ಗರಗಸ ಸದ್ಯಕ್ಕೆ ಅವರ ಕೋಣೆಯಲ್ಲಿದೆ.